ಚರ್ಮದ ಆರೋಗ್ಯಕ್ಕೆ ಮಿತವಾದ ಉಪಚಾರ

ಜ್ಞಾನೇಂದ್ರಿಯಗಳನ್ನು ಎಣಿಸುವಾಗ ನಮ್ಮ ಶಾಸ್ತ್ರಕಾರರು ಕಣ್ಣು, ಕಿವಿ, ಮೂಗು, ನಾಲಗೆಗಳೊಡನೆ ತ್ವಕ್ಕನ್ನೂ ಸೇರಿಸಿದರು. ಕನ್ನಡದಲ್ಲಿ ತೊಗಲು ಎನಿಸಿಕೊಳ್ಳುವ ಈ ಇಂದ್ರಿಯವು ಉಳಿದ ನಾಲ್ಕರಂತೆ ಒಂದೆಡೆ ನೆಲೆಸದೆ ಸರ್ವಾಂಗವನ್ನೂ ವ್ಯಾಪಿಸಿದೆ. ಬೆಳೆದ ಮನುಷ್ಯನ ಚರ್ಮದ ವಿಸ್ತಾರವು ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್. ಹೀಗಿದ್ದೂ, ಕಣ್ಣು ಕೆಂಪಾದರೆ ವೈದ್ಯರಲ್ಲಿಗೆ ಧಾವಿಸುವ ನಾವು ಚರ್ಮ ಕೆಟ್ಟರೆ ಅಂಗಡಿಗೆ ಹೋಗುತ್ತೇವೆ. ಈ ವಿಷಯದಲ್ಲಿ ನಾನೂ ತಪ್ಪಿದವನೇ. ಆದಕಾರಣ, ವ್ಯಾಕರಣ ಛಂದಸ್ಸುಗಳ ಪಾಠ ಹೇಳುವವನಾದರೂ ಈ ಲೇಖನಕ್ಕೆ ಕೈಹಾಕಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ತೊಡೆಯ ಮೇಲಿನ ಹುಳುಕಡ್ಡಿಯ ತುರಿಕೆಯಿಂದ ಪಾಠದಲ್ಲಿ ಕೂರಲಾರದೆ ಒದ್ದಾಡುತ್ತಿದ್ದನು. ಮನೆಯಲ್ಲಿದ್ದ ಒಂದು ಲೇಪದ ಕೊಳವೆಯನ್ನು ತಂದು ನಾನೇ ಅವನಿಗೆ ಕೊಟ್ಟೆನು. ನಾಲ್ಕು ದಿನಗಳಲ್ಲಿ ತುರಿಕೆ ಅಡಗಿತು; ಹುಡುಗನು ಹಿಗ್ಗಿದನು, ನಾನೂ ಹಿಗ್ಗಿದೆನು. ತಿಂಗಳು ಕಳೆಯುವಷ್ಟರಲ್ಲಿ ರೋಗವು ಸೊಂಟವನ್ನೇರಿ ಬೆನ್ನಿಗೆ ಹಬ್ಬಿತ್ತು. ಲೇಪ ಹಚ್ಚಿದೆಡೆ ಚರ್ಮವು ಕಾಗದದಂತೆ ತೆಳುವಾಗಿತ್ತು. ಅದು ಸ್ಟೀರಾಯ್ಡ್ ಬೆರೆತ ಲೇಪವೆಂದೂ, ತುರಿಕೆಯನ್ನಷ್ಟೇ ಮಲಗಿಸಿ ಬೂಷ್ಟನ್ನು ಬೆಳೆಸಿತೆಂದೂ ವೈದ್ಯರು ತಿಳಿಸಿದಾಗ ನಾನು ತಲೆತಗ್ಗಿಸಬೇಕಾಯಿತು. ಪರೀಕ್ಷೆಯ ಮುಂದಿನ ಅಮೂಲ್ಯವಾದ ವಾರಗಳು ಆ ಬಾಲಕನಿಗೆ ಚಿಕಿತ್ಸೆಯಲ್ಲಿಯೇ ಕಳೆದುಹೋದವು.

ಚರ್ಮವು ತನ್ನನ್ನು ತಾನು ಕಾಯ್ದುಕೊಳ್ಳುವ ಬಗೆಯನ್ನು ಅರಿತರೆ ಇಂತಹ ಪ್ರಮಾದಗಳಿಗೆ ಎಡೆಯಿರದು. ಅದರ ಹೊರಪದರವು ಇಟ್ಟಿಗೆ ಗಾರೆಗಳ ಗೋಡೆಯಂತಿದೆ. ಸತ್ತ ಜೀವಕೋಶಗಳೇ ಇಟ್ಟಿಗೆ, ಅವುಗಳ ನಡುವಣ ಜಿಡ್ಡೇ ಗಾರೆ. ಸುಮಾರು ನಾಲ್ಕು ವಾರಗಳಲ್ಲಿ ಮೇಲ್ಚರ್ಮವು ತನ್ನಷ್ಟಕ್ಕೆ ತಾನೇ ಹೊಸದಾಗುತ್ತದೆ. ಅದರ ಮೇಲ್ಮೈ ತುಸು ಆಮ್ಲೀಯವಾದುದು. ರೋಗಾಣುಗಳ ಹತೋಟಿಗೆ ಇದೂ ನೆರವಾಗುತ್ತದೆ. ಸಾಧಾರಣ ಸಾಬೂನಾದರೋ ಕ್ಷಾರೀಯ. ಅದರಿಂದ ದಿನಕ್ಕೆ ಹಲವು ಬಾರಿ ಮೈಯುಜ್ಜಿದರೆ ಕೊಳೆಯೊಡನೆ ಗಾರೆಯೂ ತೊಳೆದುಹೋಗಿ, ಚರ್ಮವು ಒಡೆದು ಉರಿಯತೊಡಗುತ್ತದೆ. ಹೆಚ್ಚು ತೊಳೆದಷ್ಟೂ ಹೆಚ್ಚು ಶುದ್ಧವೆಂಬ ಎಣಿಕೆಯು ತೊಗಲಿನ ಮಟ್ಟಿಗೆ ಸಲ್ಲದು.

ಇನ್ನು ನಮ್ಮ ತೆಕ್ಕಲಕೋಟೆಯ ಪರಿಸರವನ್ನು ನೋಡೋಣ. ಇಲ್ಲಿನ ಕಲ್ಲುಗುಡ್ಡಗಳಲ್ಲಿ ನವಶಿಲಾಯುಗದ ಜನ ವಾಸವಾಗಿದ್ದರೆಂಬುದನ್ನು 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನವು ತೋರಿಸಿಕೊಟ್ಟಿತು. ಈ ಬಿಸಿಲು ಮನುಷ್ಯನಿಗೆ ಅಷ್ಟು ಹಳೆಯ ನೆಂಟ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಇಲ್ಲಿ ಅಪರೂಪವಲ್ಲ. ಇತ್ತ ತುಂಗಭದ್ರೆಯ ಕಾಲುವೆಯ ನೀರು ಸಿರುಗುಪ್ಪ ಸೀಮೆಯನ್ನು ಭತ್ತದ ಕಣಜವಾಗಿಸಿದ ಮೇಲೆ, ನಾಟಿಯ ಕಾಲದಲ್ಲಿ ದಿನವಿಡೀ ಕೆಸರಿನಲ್ಲಿ ನಿಲ್ಲುವ ಕಾಲುಗಳೂ ಹೆಚ್ಚಿದವು. ಮೇಲೆ ಬಿಸಿಲು, ಕೆಳಗೆ ಕೆಸರು. ಇವೆರಡರ ನಡುವೆ ನಮ್ಮ ಮಕ್ಕಳ ಹಾಗೂ ಅವರ ತಾಯ್ತಂದೆಯರ ಚರ್ಮವು ಬಾಳಬೇಕಾಗಿದೆ.

ಇದಕ್ಕೆ ಬೇಕಾದ ದಿನಚರಿಯು ಮೂರೇ ಅಂಗಗಳುಳ್ಳದ್ದು. ಮೊದಲನೆಯದು ಮಿತವಾದ ಸ್ನಾನ. ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರು ಸಾಕು, ಸುಡುನೀರು ಬೇಡ. ಕಂಕುಳು, ತೊಡೆಸಂದು, ಪಾದಗಳಿಗೆ ಸಾಬೂನು ಅವಶ್ಯ. ಉಳಿದೆಡೆ ಕೊಳೆಯಾದಾಗ ಮಾತ್ರ. ಕಲ್ಲಿನಿಂದಲೋ ಒರಟು ನಾರಿನಿಂದಲೋ ಮೈ ತಿಕ್ಕುವುದನ್ನು ಬಿಡಬೇಕು. ಮಿಂದ ಮೇಲೆ ಸಂದುಗಳನ್ನೂ ಕಾಲ್ಬೆರಳುಗಳ ನಡುವಣ ಎಡೆಯನ್ನೂ ಒಣಬಟ್ಟೆಯಿಂದ ಒರೆಸಬೇಕು. ಗದ್ದೆಯಿಂದ ಬಂದವರಿಗಂತೂ ಇದು ಔಷಧಕ್ಕೆ ಸಮಾನ. ತೇವವಿದ್ದಲ್ಲಿ ಬೂಷ್ಟು ಬೇರೂರುತ್ತದೆ.

ಎರಡನೆಯದು ಸ್ನೇಹನ, ಎಂದರೆ ಜಿಡ್ಡನ್ನು ಮರಳಿ ಕೊಡುವುದು. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯಾಧ್ಯಾಯವು ಅಭ್ಯಂಗವನ್ನು ನಿತ್ಯಕರ್ಮವಾಗಿ ವಿಧಿಸಿದೆ. ಇಂದಿನ ಚರ್ಮವೈದ್ಯರು ಮಿಂದೊಡನೆ, ಮೈಯ ಪಸೆ ಆರುವ ಮುನ್ನ, ತೇವವನ್ನು ಹಿಡಿದಿಡುವ ಲೇಪವನ್ನು ಸವರಿಕೊಳ್ಳಿರೆನ್ನುತ್ತಾರೆ. ಒಣಚರ್ಮದವರಿಗೆ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಸಾಕು. ಬೆಲೆಬಾಳುವ ಡಬ್ಬಿಗಳು ಬೇಕಿಲ್ಲ. ಆದರೆ ಮೊಡವೆಯುಳ್ಳ ಹರೆಯದವರು ಮುಖಕ್ಕೆ ಎಣ್ಣೆ ಹಚ್ಚಲಾಗದು.

ಮೂರನೆಯದು ನೆರಳು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲು ಪ್ರಖರವಾದುದು. ತುಂಬುತೋಳಿನ ಹತ್ತಿಯ ಅಂಗಿ, ತಲೆಗೆ ರುಮಾಲು ಅಥವಾ ಸೆರಗು, ಕೈಯಲ್ಲೊಂದು ಕೊಡೆ. ನಮ್ಮ ಹಿರಿಯರ ಉಡುಪೇ ಇದಕ್ಕೆ ಮೇಲ್ಪಂಕ್ತಿ. ಮುಖದ ಮೇಲೆ ಬಂಗು ಎದ್ದವರು ವೈದ್ಯರ ಸಲಹೆಯಂತೆ ಬಿಸಿಲುತಡೆ ಲೇಪವನ್ನು ಬಳಸುವುದು ಯುಕ್ತ.

ಮಾಡಬೇಕಾದುದು ಇಷ್ಟು. ಮಾಡಬಾರದುದನ್ನು ಇದಕ್ಕಿಂತಲೂ ಎಚ್ಚರಿಕೆಯಿಂದ ಅರಿಯಬೇಕು. ನಿಂಬೆರಸ ಬಳಿದುಕೊಂಡು ಬಿಸಿಲಿಗೆ ಹೋದರೆ ಚರ್ಮವು ಸುಟ್ಟಂತೆ ಬೊಬ್ಬೆಯೆದ್ದು ಕಪ್ಪಾಗಬಹುದು. ಹಲ್ಲುಜ್ಜುವ ಪೇಸ್ಟು ಮೊಡವೆಯ ಮದ್ದಲ್ಲ. ಎಲ್ಲಕ್ಕಿಂತ ಅಪಾಯಕಾರಿಯಾದುವು ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಮುಂತಾದ ಸ್ಟೀರಾಯ್ಡುಗಳು ಬೆರೆತ ಲೇಪಗಳು. ವೈದ್ಯರ ಕೈಯಲ್ಲಿ ಇವು ಉತ್ತಮ ಔಷಧಗಳೇ. ಮೈಬಣ್ಣ ತಿಳಿಯಾಗಲೆಂದು ತಿಂಗಳುಗಟ್ಟಲೆ ಹಚ್ಚಿದರೆ ಮುಖವು ಕೆಂಪೇರಿ, ಮೊಡವೆಯೂ ಕೂದಲೂ ಮೂಡಿ, ಬಿಟ್ಟೊಡನೆ ಉರಿ ಕೆರಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಶಾಸನವಿದ್ದ ಮಾತ್ರಕ್ಕೆ ಸಾಲದು. ಕೊಳವೆಯ ಮೇಲಣ ಹೆಸರನ್ನು ಓದುವ ಅಭ್ಯಾಸವೂ ಬೇಕು. ಅಕ್ಷರ ಕಲಿತ ಮಗುವು ಮನೆಯವರಿಗೆ ಮಾಡಬಹುದಾದ ಸೇವೆಗಳಲ್ಲಿ ಇದೂ ಒಂದು. ಅಲ್ಲದೆ, ಹುಟ್ಟಿನಿಂದ ಬಂದ ಮೈಬಣ್ಣವು ರೋಗವಲ್ಲ; ಅದಕ್ಕೆ ಚಿಕಿತ್ಸೆಯ ಅಗತ್ಯವೂ ಇಲ್ಲ.

ಉಪಾಧ್ಯಾಯ ಬಂಧುಗಳಲ್ಲಿ ಒಂದು ಬಿನ್ನಹ. ಮಗುವಿನ ಮೈಮೇಲೆ ತಿಳಿಬಣ್ಣದ ಅಥವಾ ಕೆಂಪನೆಯ ಮಚ್ಚೆಯಿದ್ದು, ಅಲ್ಲಿ ಸ್ಪರ್ಶಜ್ಞಾನ ಕುಂದಿದ್ದರೆ ಅದು ಕುಷ್ಠದ ಕುರುಹಾಗಿರಬಹುದು. ಬೆದರದೆ, ಬಹಿರಂಗಪಡಿಸದೆ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿರಿ. ಚಿಕಿತ್ಸೆ ಉಚಿತ, ಬೇಗ ತೊಡಗಿದರೆ ಅಂಗವೈಕಲ್ಯವನ್ನು ತಪ್ಪಿಸಬಹುದು. ಹಾಗೆಯೇ ಹುಳುಕಡ್ಡಿ, ಕಜ್ಜಿಗಳು ಒಬ್ಬರಿಂದೊಬ್ಬರಿಗೆ ಹಬ್ಬುವಂಥವು. ಆದ್ದರಿಂದ ಪ್ರಸಾದನಿಲಯದ ಮಕ್ಕಳಿಗೆ ತಲೆಗೊಂದು ಟವೆಲ್ಲು ಇರಬೇಕು. ರೋಗ ಬಂದ ಮನೆಯಲ್ಲಿ, ತೊಂದರೆಯುಳ್ಳವರೆಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಕಜ್ಜಿಯಾದರೆ ಲಕ್ಷಣವಿಲ್ಲದವರಿಗೂ ಆಗಬೇಕು.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗೆ ಏನು ಕೊಡಲೆಂದು ಆಗಾಗ ಕೇಳುವುದುಂಟು. ಕಟ್ಟಡವನ್ನು ಕೊಟ್ಟವರಿಗೆ ನಾವು ಋಣಿಗಳು. ಒಂದು ನಲ್ಲಿ, ಬಟ್ಟೆ ಒಣಗಿಸಲು ಬಿಸಿಲು ಬೀಳುವ ಒಂದು ಕಟ್ಟೆ, ಆಟದ ಬಯಲಿನ ಅಂಚಿಗೆ ನಾಲ್ಕು ಬೇವಿನ ಸಸಿಗಳು. ಇವು ಸಣ್ಣ ದಾನಗಳೇನಲ್ಲ. ಅಂದು ನಾನು ಕೊಟ್ಟ ಕೊಳವೆಗಿಂತ ಒಂದು ಒಣ ಟವೆಲ್ಲೂ ವೈದ್ಯರಲ್ಲಿಗೆ ಹೋಗಲು ಬಸ್ಸಿನ ಹಣವೂ ಆ ಬಾಲಕನಿಗೆ ಹೆಚ್ಚು ಉಪಕಾರ ಮಾಡುತ್ತಿದ್ದವು. ನಾನು ತಡವಾಗಿ ಕಲಿತ ಪಾಠವನ್ನು ನಮ್ಮ ಮಕ್ಕಳು ಬೇಗನೆ ಕಲಿಯಲಿ.