ಕಮರಿಯಂಚಿನ ಫೋಟೊ ಅಂಗಡಿ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಚರಿತ್ರೆಯಲ್ಲಿ ದೊಡ್ಡ ಛಾಯಾಗ್ರಾಹಕರಿಗೆ ಗೌರವದ ಜಾಗವಿದೆ. ವಿಲಿಯಂ ಹೆನ್ರಿ ಜಾಕ್ಸನ್ 1871ರಲ್ಲಿ ತೆಗೆದ ಯೆಲ್ಲೊಸ್ಟೋನ್ ಚಿತ್ರಗಳು ಸಂಸದರ ಮನವೊಲಿಸಲು ನೆರವಾದವು. ಮರುವರ್ಷವೇ ಅದು ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಪ್ರವಾಸೋದ್ಯಮದ ಕಥೆ ಬೇಕಿದ್ದರೆ ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿನಲ್ಲಿ ಅಂಗಡಿಯಿಟ್ಟ ಕೋಲ್ಬ್ ಸೋದರರನ್ನೇ ಕೇಳಬೇಕು.

ಅಲ್ಲಿಗೆ ರೈಲು ಬಂದದ್ದು 1901ರಲ್ಲಿ. ಅಣ್ಣ ಎಲ್ಸ್‌ವರ್ತ್ ಅದೇ ವರ್ಷ ಬಂದ, ತಮ್ಮ ಎಮರಿ ಮರುವರ್ಷ. ಮೊದಲು ಡೇರೆ, ಆಮೇಲೆ ಬ್ರೈಟ್ ಏಂಜೆಲ್ ಕಾಲುದಾರಿಯ ತಲೆಯಲ್ಲೇ ಮರದ ಸ್ಟುಡಿಯೊ. ಹೇಸರಗತ್ತೆ ಏರಿ ಕಮರಿಗಿಳಿಯುವವರು ಆ ಕಟ್ಟಡವನ್ನು ದಾಟಲೇಬೇಕು. ದಾಟುವಾಗ ಅದರ ಪುಟ್ಟ ಕಿಟಕಿಯಿಂದ ಇವರು ಫೋಟೊ ತೆಗೆಯುತ್ತಿದ್ದರು.

ತೊಡಕಿದ್ದದ್ದು ನೀರಿನದು. ಫೋಟೊ ತೊಳೆಯಲು ಬೇಕಾಗುವಷ್ಟು ಶುದ್ಧ ನೀರು ಅಂಚಿನಲ್ಲಿರಲಿಲ್ಲ. ಇದ್ದದ್ದು ಸುಮಾರು 3,000 ಅಡಿ ಕೆಳಗೆ, ಏಳು ಕಿಲೋಮೀಟರ್ ದೂರದ ಇಂಡಿಯನ್ ಗಾರ್ಡನ್‌ನಲ್ಲಿ. ಬೆಳಿಗ್ಗೆ ತೆಗೆದ ಪ್ಲೇಟುಗಳನ್ನು ಹೊತ್ತು ಎಮರಿ ಅಲ್ಲಿಗೆ ಓಡುತ್ತಿದ್ದ. ಕತ್ತಲಕೋಣೆಯಲ್ಲಿ ತೊಳೆದು, ಪ್ರಿಂಟು ಹಾಕಿ, ಅದೇ ಏರು ಹತ್ತಿ ವಾಪಸ್. ಪ್ರವಾಸಿಗರು ಮೇಲೆ ಬರುವ ಹೊತ್ತಿಗೆ ಚಿತ್ರ ಸಿದ್ಧ. ಕಮರಿಯ ಚಿತ್ರ ಪೋಸ್ಟ್‌ಕಾರ್ಡಿನಲ್ಲೂ ಸಿಕ್ಕೀತು. ಕಮರಿಯಲ್ಲಿ ಹೇಸರಗತ್ತೆ ಮೇಲೆ ತಾನೇ ಕುಳಿತಿರುವ ಚಿತ್ರ ಸಿಗುವುದು ಇಲ್ಲಿ ಮಾತ್ರ. ಅದು ಊರಿಗೆ ಹೋಗಿ ಪಡಸಾಲೆಯ ಗೋಡೆಯೇರಿದರೆ ನೆರೆಮನೆಯವರಿಗೂ ರೈಲು ಹತ್ತುವ ಆಸೆ. ಇದಕ್ಕಿಂತ ಒಳ್ಳೆಯ ಜಾಹೀರಾತು ಯಾವ ರೈಲ್ವೆ ಕಂಪನಿಗೂ ಸಿಕ್ಕಿರಲಾರದು.

ಲಾಭವಿದ್ದಲ್ಲಿ ಪೈಪೋಟಿ ಇದ್ದದ್ದೇ. ಅಲ್ಲಿನ ಹೋಟೆಲುಗಳನ್ನು ನಡೆಸುತ್ತಿದ್ದ ಫ್ರೆಡ್ ಹಾರ್ವಿ ಕಂಪನಿ 1914ರಲ್ಲಿ ಹತ್ತಿರದಲ್ಲೇ ಲುಕೌಟ್ ಸ್ಟುಡಿಯೊ ಕಟ್ಟಿಸಿ ಗಿರಾಕಿಗಳನ್ನು ಸೆಳೆಯಲು ನೋಡಿತು. ಸೋದರರ ಕೈಯಲ್ಲಿ ಆಗಲೇ ಇನ್ನೊಂದು ಸರಕಿತ್ತು. 1911ರ ಸೆಪ್ಟೆಂಬರ್‌ನಲ್ಲಿ ವಯೋಮಿಂಗ್‌ನಿಂದ ಎರಡು ದೋಣಿಗಳಲ್ಲಿ ಹೊರಟು, ಸಿನಿಮಾ ಕ್ಯಾಮೆರಾ ಸಮೇತ ಗ್ರೀನ್ ಮತ್ತು ಕೊಲೊರಾಡೊ ನದಿಗಳ ರಭಸ ದಾಟಿ, ಮರುವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಮುಟ್ಟಿದ್ದರು. ಹುಚ್ಚು ಸಾಹಸವೆನ್ನಿ, ವ್ಯಾಪಾರದ ಲೆಕ್ಕ ತಪ್ಪಿರಲಿಲ್ಲ. ಆ ಚಿತ್ರವನ್ನು 1915ರಿಂದ ಸ್ಟುಡಿಯೊದಲ್ಲೇ ತೋರಿಸತೊಡಗಿದರು. ಅಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1919ರಲ್ಲಿ. ಸರ್ಕಾರ ಬರುವ ಮೊದಲೇ ಸೋದರರ ಕಸುಬು ಬೇರೂರಿತ್ತು.

1976ರಲ್ಲಿ, 95ನೇ ವಯಸ್ಸಿನಲ್ಲಿ ಎಮರಿ ತೀರಿಕೊಳ್ಳುವವರೆಗೂ ಆ ಪ್ರದರ್ಶನ ನಡೆಯಿತು. ಸ್ಟುಡಿಯೊ ಇಂದಿಗೂ ಇದೆ, ಒಳಗೆ ಪುಸ್ತಕದಂಗಡಿಯೂ ಪ್ರದರ್ಶನಗಳೂ ಇವೆ. ಆ ಕಡೆ ಹೋದವರು ಸೆಲ್ಫಿ ಮುಗಿಸಿಕೊಂಡು ಒಮ್ಮೆ ಒಳಗೆ ಹೋಗಿಬನ್ನಿ.