ವೈಟ್‌ಫೀಲ್ಡಿನಿಂದ ಹಡಗಿಗೆ: ತಣ್ಣನೆಯ ಸರಕಿನ ದಾರಿ

ಹಣ್ಣು, ತರಕಾರಿ, ಮೀನು, ಮಾಂಸ, ಬೆಣ್ಣೆ ಇಂದು ಸಮುದ್ರ ದಾಟುವುದು ಬಹುಪಾಲು ರೀಫರ್ ಎಂಬ ಶೀತಲ ಕಂಟೇನರಿನಲ್ಲಿ. ಹೊರಗಿನಿಂದ ನೋಡಿದರೆ ಅದು 40 ಅಡಿ ಉದ್ದದ ಬಿಳಿಯ ಉಕ್ಕಿನ ಅಥವಾ ಅಲ್ಯೂಮಿನಿಯಂ ಪೆಟ್ಟಿಗೆ. ಗೋಡೆಯೊಳಗೆ ದಪ್ಪನೆಯ ಫೋಮ್ ತುಂಬಿರುತ್ತದೆ, ಒಂದು ತುದಿಯಲ್ಲಿ ತಂಪು ಮಾಡುವ ಯಂತ್ರ, ಇನ್ನೊಂದು ತುದಿಯಲ್ಲಿ ಬಾಗಿಲು. ಇಂಥ ಪೆಟ್ಟಿಗೆ ಸುಮಾರು 27 ಟನ್ ಸರಕು ಹೊರಬಲ್ಲದು. ಒಳಗಿನ ಉಷ್ಣತೆಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗಿನಿಂದ 30 ಡಿಗ್ರಿ ಮೇಲಿನವರೆಗೆ ಬೇಕಾದಲ್ಲಿ ನಿಲ್ಲಿಸಬಹುದು.

ಚೆನ್ನೈ ಬಂದರಿನಿಂದ ರಸ್ತೆಯಲ್ಲಿ ಸುಮಾರು 350 ಕಿ.ಮೀ. ದೂರವಿರುವ ಬೆಂಗಳೂರಿಗೂ ಈ ವ್ಯಾಪಾರದಲ್ಲಿ ಪಾಲಿದೆ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ 1981ರಲ್ಲಿ ಶುರುವಾದದ್ದು ಇಲ್ಲಿಯೇ. ರೈಲ್ವೆ ಕಟ್ಟಿದ ಈ ವ್ಯವಸ್ಥೆ 1989ರಲ್ಲಿ ಕಂಟೇನರ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಯ ಕೈಗೆ ಬಂತು. ಈಗ ಅದರ ಡಿಪೊ ಇರುವುದು ವೈಟ್‌ಫೀಲ್ಡಿನಲ್ಲಿ. ಐಟಿ ಪಾರ್ಕಿನ ಗಾಜಿನ ಕಟ್ಟಡಗಳಿಗೆ ಹೆಸರಾದ ಈ ಬಡಾವಣೆಯಲ್ಲಿ ಕಸ್ಟಮ್ಸ್ ಅಧಿಕಾರಿಗಳು ಕೂರುವ, ಕಂಟೇನರ್ ಏರಿಸುವ ಕ್ರೇನುಗಳು ಓಡಾಡುವ ಒಂದು ಒಣ ಬಂದರು ಇದೆ ಎಂಬುದು ನಗರದ ಹಲವರಿಗೆ ತಿಳಿದಿಲ್ಲ. ರಫ್ತಿನ ಕಾಗದಪತ್ರ, ತಪಾಸಣೆ, ಸೀಲು ಎಲ್ಲವೂ ಇಲ್ಲೇ ಮುಗಿಯುವುದರಿಂದ, ಸೀಲು ಸರಿಯಾಗಿದ್ದರೆ ಚೆನ್ನೈ ಬಂದರಿನಲ್ಲಿ ಸಾಮಾನ್ಯವಾಗಿ ಬಾಗಿಲು ತೆರೆಯಬೇಕಾಗುವುದಿಲ್ಲ. ಬೇರೆ ಸರಕಿಗೆ ಇದು ಅನುಕೂಲ ಮಾತ್ರ. ತಣ್ಣನೆಯ ಸರಕಿಗೆ ಇದು ಜೀವದ ಪ್ರಶ್ನೆ, ಏಕೆಂದರೆ ಚೆನ್ನೈನ ಬೇಸಿಗೆಯಲ್ಲಿ ಒಮ್ಮೆ ಬಾಗಿಲು ತೆರೆದರೆ ಬಿಸಿ ಗಾಳಿಯೂ ತೇವವೂ ಒಟ್ಟಿಗೆ ಒಳನುಗ್ಗುತ್ತವೆ.

ಚೆನ್ನೈನ ಕಡಲತೀರಕ್ಕೂ ತಂಪಿಗೂ ಹಳೆಯ ನಂಟು. ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ನಿನ ವ್ಯಾಪಾರಿ 1833ರಲ್ಲಿ ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದ. ಮದ್ರಾಸಿನಲ್ಲಿ ಆ ಮಂಜುಗಡ್ಡೆ ಇಡಲು 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದ ಭವನವಾಗಿ ಮರೀನಾ ಎದುರು ನಿಂತಿದೆ. ಯಂತ್ರದಿಂದ ತಂಪು ಮಾಡಿ ಆಹಾರ ಸಾಗಿಸುವ ಕಾಲ ಬಂದದ್ದು ಆಮೇಲೆ. 1882ರಲ್ಲಿ ‘ಡನೀಡಿನ್’ ಎಂಬ ಹಾಯಿಹಡಗು ನ್ಯೂಜಿಲೆಂಡಿನಿಂದ ಸುಮಾರು 5,000 ಕುರಿಗಳ ಹೆಪ್ಪುಗಟ್ಟಿಸಿದ ಮಾಂಸ ಹೊತ್ತು ಮೂರು ತಿಂಗಳಿಗೂ ಹೆಚ್ಚು ಕಾಲ ಸಾಗಿ ಲಂಡನ್ ಸೇರಿತು. ಮಾಂಸ ಕೆಟ್ಟಿರಲಿಲ್ಲ. ಆ ಒಂದು ಪ್ರಯಾಣ ನ್ಯೂಜಿಲೆಂಡಿನ ಕೃಷಿಯ ದಿಕ್ಕನ್ನೇ ಬದಲಿಸಿತು.

ರೀಫರ್ ಪೆಟ್ಟಿಗೆಯ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಎಂದರೆ ಅದು ಮನೆಯ ಫ್ರಿಜ್ಜಿನಂತೆ ಬಿಸಿ ಪದಾರ್ಥವನ್ನು ತಣ್ಣಗಾಗಿಸುತ್ತದೆ ಎಂಬುದು. ಅದರ ಯಂತ್ರ ಇರುವುದು ಈಗಾಗಲೇ ತಣ್ಣಗಿರುವ ಸರಕನ್ನು ಹಾಗೇ ಉಳಿಸಲು. ಚಿಕ್ಕಬಳ್ಳಾಪುರದ ತೋಟದಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಕೊಯ್ದ ದ್ರಾಕ್ಷಿಯ ಒಡಲು 30 ಡಿಗ್ರಿ ದಾಟಿರುತ್ತದೆ. ಅದನ್ನು ಹಾಗೇ ತುಂಬಿದರೆ ಪೆಟ್ಟಿಗೆಯ ನಡುವಿನ ಗೊಂಚಲುಗಳು ತಣಿಯಲು ದಿನಗಳೇ ಹಿಡಿಯುತ್ತವೆ. ಕೊಯ್ದ ಮೇಲೂ ಹಣ್ಣು ಉಸಿರಾಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟು ಹೆಚ್ಚುತ್ತದೆ. ಉಸಿರಾಟವೇ ಮತ್ತೆ ಶಾಖ ಹುಟ್ಟಿಸುತ್ತದೆ. ಆದ್ದರಿಂದ ಕೊಯ್ದ ಕೆಲವೇ ಗಂಟೆಗಳೊಳಗೆ ಪ್ಯಾಕ್ ಹೌಸಿನಲ್ಲಿ ತಣ್ಣನೆಯ ಗಾಳಿಯನ್ನು ಜೋರಾಗಿ ಹಾಯಿಸಿ ಒಡಲಿನ ಬಿಸಿ ತೆಗೆಯಬೇಕು. ಪ್ರೀಕೂಲಿಂಗ್ ಎನ್ನುವುದು ಇದನ್ನೇ. ಹಡಗಿನಲ್ಲಿ ಹಣ್ಣು ಕೊಳೆಯಿತು ಎಂಬ ದೂರು ಬಂದಾಗ ಕಾರಣ ಹುಡುಕುತ್ತಾ ಹೋದರೆ, ಎಷ್ಟೋ ಸಲ ಅದು ಸಿಗುವುದು ತೋಟದ ಬದಿಯಲ್ಲಿ.

ಒಳಗೆ ಗಾಳಿ ಓಡುವ ಬಗೆಯೂ ಮುಖ್ಯ. ಯಂತ್ರ ತಣ್ಣನೆಯ ಗಾಳಿಯನ್ನು ನೆಲದ ಏಣುಗಳ ನಡುವಿನ ಸಂದಿಗೆ ತಳ್ಳುತ್ತದೆ. ಅದು ಸರಕಿನ ನಡುವೆ ಮೇಲೇರಿ ಚಾವಣಿಯಡಿ ಹಿಂದಿರುಗುತ್ತದೆ. ಅದಕ್ಕಾಗಿಯೇ ಗೋಡೆಯ ಮೇಲೆ ಕೆಂಪು ಗೆರೆಯೊಂದಿದೆ. ಅದಕ್ಕಿಂತ ಎತ್ತರಕ್ಕೆ ಪೆಟ್ಟಿಗೆ ಪೇರಿಸಿದರೆ ಗಾಳಿಯ ದಾರಿ ಕಟ್ಟಿದಂತೆ. ಹಣ್ಣಿನ ರಟ್ಟಿನ ಪೆಟ್ಟಿಗೆಗಳಲ್ಲಿ ತೂತುಗಳಿರಬೇಕು, ಆ ತೂತುಗಳು ಮೇಲೆ ಕೆಳಗೆ ಒಂದಕ್ಕೊಂದು ಸರಿಹೊಂದಬೇಕು, ಗಾಳಿ ಸರಕಿನ ಮೂಲಕವೇ ಹಾಯಬೇಕು. ಹೆಪ್ಪುಗಟ್ಟಿಸಿದ ಸರಕಿಗೆ ಇದು ಬೇಕಿಲ್ಲ. ಮಂಗಳೂರಿನಿಂದ ಹೊರಡುವ ಬೊಂಡಾಸ (ಸ್ಕ್ವಿಡ್), ಕಪ್ಪೆಬೊಂಡಾಸಗಳ (ಕಟಲ್‌ಫಿಶ್) ಗಡ್ಡೆಗಳನ್ನು ಕಾರ್ಖಾನೆಯಲ್ಲೇ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಕಲ್ಲಾಗಿಸಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಸಾಗಿಸುತ್ತಾರೆ. ಅದು ಉಸಿರಾಡದ ಸರಕು. ಒತ್ತೊತ್ತಾಗಿ ಪೇರಿಸಿ, ಸುತ್ತಲೂ ಗಾಳಿ ಆಡುವಂತೆ ಬಿಟ್ಟು, ಹೊರಗಾಳಿಯ ಕಿಂಡಿ ಮುಚ್ಚಿದರೆ ಸಾಕು. ಹಣ್ಣಿಗೆ ಆ ಕಿಂಡಿ ಅಳತೆಯಷ್ಟು ತೆರೆದಿರಬೇಕು, ಇಲ್ಲವಾದರೆ ಅದು ಬಿಡುವ ಇಂಗಾಲದ ಡೈ ಆಕ್ಸೈಡ್ ಮತ್ತು ಎಥಿಲೀನ್ ಒಳಗೇ ಸೇರಿಕೊಳ್ಳುತ್ತವೆ.

ಎಲ್ಲ ಹಣ್ಣಿಗೂ ಒಂದೇ ಚಳಿ ಒಗ್ಗುವುದಿಲ್ಲ. ದ್ರಾಕ್ಷಿಗೆ ಸೊನ್ನೆ ಡಿಗ್ರಿಯ ಆಸುಪಾಸು ಹಿತ, ಪೆಟ್ಟಿಗೆಯಲ್ಲಿ ಬೂಸಲು ತಡೆಯಲು ಗಂಧಕದ ಅನಿಲ ಬಿಡುವ ಹಾಳೆಯನ್ನೂ ಇಡುತ್ತಾರೆ. ದಾಳಿಂಬೆಗೆ 5ರಿಂದ 7, ಮಾವಿಗೆ 10ರಿಂದ 13, ಬಾಳೆಗೆ 13 ಡಿಗ್ರಿಗಿಂತ ತುಸು ಹೆಚ್ಚು. ಇದಕ್ಕೂ ಕೆಳಗಿಳಿಸಿದರೆ ಬಾಳೆಯ ಸಿಪ್ಪೆ ಮಂಕಾಗುತ್ತದೆ, ಮಾವು ಸರಿಯಾಗಿ ಹಣ್ಣಾಗುವುದೇ ಇಲ್ಲ. ಇದು ಚಳಿಯ ಪೆಟ್ಟು, ಮತ್ತೆ ಬೆಚ್ಚಗೆ ಇಟ್ಟರೂ ವಾಸಿಯಾಗದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವು ದೂರದ ದೇಶಗಳಿಗೆ ಹಡಗಿನಲ್ಲಿ ಹೋಗುವುದು ಕಷ್ಟವಾಗಿರುವುದಕ್ಕೆ ಇದೊಂದು ಕಾರಣ: ಬಹಳ ತಣ್ಣಗಿಡುವಂತಿಲ್ಲ, ತಣ್ಣಗಿಡದಿದ್ದರೆ ವಾರಗಟ್ಟಲೆ ತಾಳದು. 2022ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಧಾನದಂತೆ ಸಂಸ್ಕರಿಸಿದ ಮಾವು ಮುಂಬಯಿಯಿಂದ ಮೂರು ವಾರ ಮೀರಿದ ಸಮುದ್ರಯಾನದ ನಂತರ ಅಮೆರಿಕದಲ್ಲಿ ಕೆಡದೆ ಇಳಿಯಿತು. ಕೋಲಾರದ ಬೆಳೆಗಾರರು ಕಣ್ಣಿಡಬೇಕಾದ ಬೆಳವಣಿಗೆ ಇದು.

ಬೆಂಗಳೂರಿನ ಸುತ್ತಲಿನ ಹೆಸರಾಂತ ರಫ್ತು ಬೆಳೆ ರೋಸ್ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಈ ಪುಟ್ಟ ಕೆಂಪು ಗೆಡ್ಡೆ ಇಲ್ಲಿಯ ಅಡುಗೆಮನೆಗೆ ಅಷ್ಟಾಗಿ ಬಾರದೆ ಚೆನ್ನೈ ಮೂಲಕ ಮಲೇಷ್ಯಾ, ಸಿಂಗಪುರಗಳಿಗೆ ಹೋಗುತ್ತದೆ. ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದ ಮೇಲೆ ಈ ತಳಿಗೆ ವಿನಾಯಿತಿ ಸಿಕ್ಕಿತು. ಈ ಈರುಳ್ಳಿಗೆ ತಂಪಿಗಿಂತ ಮುಖ್ಯವಾದದ್ದು ಒಣ ಗಾಳಿಯ ಓಡಾಟ; ತೇವ ನಿಂತರೆ ಮೊಳಕೆ, ಕೊಳೆ ಖಚಿತ. ತಂಪೇ ಬೇಡದ ಆಹಾರವೂ ಇದೆ. ಬೊಮ್ಮಸಂದ್ರದ ಎಂಟಿಆರ್‌ನ ಸಿದ್ಧ ಊಟದ ಪೊಟ್ಟಣಗಳಿಗೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ತಂತ್ರಜ್ಞಾನ ನೆರವಾಗಿದೆ. ಮುಚ್ಚಿದ ಪೊಟ್ಟಣದಲ್ಲೇ ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಂದಿರುವುದರಿಂದ ಅವು ಸಾಮಾನ್ಯ ಕಂಟೇನರಿನಲ್ಲೇ ಹೋಗಬಲ್ಲವು.

ರೀಫರ್ ನಡೆಯುವುದು ಕರೆಂಟಿನಿಂದ, ಅದೂ 400 ವೋಲ್ಟಿನ ಆಸುಪಾಸಿನ ಮೂರು ಫೇಸ್ ಕರೆಂಟು. ಡಿಪೊದಲ್ಲಿ ಪ್ಲಗ್ ಇದೆ, ಬಂದರಿನಲ್ಲಿದೆ, ಹಡಗಿನ ಡೆಕ್ಕಿನ ಮೇಲೂ ಇದೆ. ಹೆದ್ದಾರಿಯಲ್ಲಿ ಇಲ್ಲ. ಹಾಗಾಗಿ ಚೆನ್ನೈಗೆ ಹೊರಡುವ ಟ್ರೇಲರಿಗೆ ಡೀಸೆಲ್ ಜೆನ್‌ಸೆಟ್ ಕಟ್ಟುತ್ತಾರೆ. ರೈಲಿನಲ್ಲಾದರೆ ಜನರೇಟರ್ ಇರುವ ವ್ಯಾಗನ್ ಜೊತೆಗಿರಬೇಕು. ಹೊಸಕೋಟೆಯಿಂದ ಶ್ರೀಪೆರಂಬುದೂರಿಗೆ 262 ಕಿ.ಮೀ. ಉದ್ದದ ಎಕ್ಸ್‌ಪ್ರೆಸ್‌ವೇ ಈ ಹಾದಿಯ ಗಂಟೆಗಳನ್ನು ಇಳಿಸಲೆಂದೇ ರೂಪುಗೊಂಡದ್ದು. ಪ್ಲಗ್ ಕಿತ್ತು ಇನ್ನೊಂದು ಕಡೆ ಸಿಕ್ಕಿಸುವ ನಡುವಿನ ಹೊತ್ತೇ ಅಪಾಯದ ಹೊತ್ತು. ಹೆಪ್ಪುಗಟ್ಟಿದ ಮೀನು ಕೆಲವು ಗಂಟೆ ತಾಳಿಕೊಳ್ಳುತ್ತದೆ, ಉಸಿರಾಡುವ ಹಣ್ಣು ಅಷ್ಟು ತಾಳದು. ಕೊಲಂಬೊದಲ್ಲಿ ಹಡಗು ಬದಲಿಸುವ ಸರಕಿಗೆ ಇಂಥ ಗಳಿಗೆಗಳು ಇನ್ನೂ ಹೆಚ್ಚು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ ಯುರೋಪಿನ ದಾರಿ ಹತ್ತು ದಿನಕ್ಕೂ ಹೆಚ್ಚು ಉದ್ದವಾಯಿತು. ಅಷ್ಟು ದಿನದ ಬಾಳಿಕೆಯನ್ನು ಹಣ್ಣು ತೋಟದಿಂದಲೇ ತರಬೇಕಾಯಿತು.

ಪ್ರತಿ ರೀಫರಿನೊಳಗೂ ಉಷ್ಣತೆಯನ್ನು ದಾಖಲಿಸುವ ಲಾಗರ್ ಇರುತ್ತದೆ. ಈಚಿನ ಪೆಟ್ಟಿಗೆಗಳು ಈ ಮಾಹಿತಿಯನ್ನು ಉಪಗ್ರಹದ ಮೂಲಕ ದಡಕ್ಕೂ ಕಳುಹಿಸುತ್ತವೆ. ವಿಮೆಯ ತಕರಾರು ಬಂದಾಗ ಮೊದಲು ಕೇಳುವುದು ಈ ದಾಖಲೆಯನ್ನೇ. ಆದರೆ ಅದು ಹೇಳುವುದು ಪೆಟ್ಟಿಗೆಯ ಗಾಳಿಯ ಕಥೆ. ತುಂಬುವಾಗ ಹಣ್ಣಿನ ಒಡಲು ಎಷ್ಟು ಬಿಸಿಯಿತ್ತು ಎಂಬುದನ್ನು ಮುಳ್ಳಿನ ಥರ್ಮಾಮೀಟರ್ ಚುಚ್ಚಿ ನೋಡಿ, ಬರೆದಿಟ್ಟು, ಸಹಿ ಹಾಕಿಸಿಕೊಳ್ಳಬೇಕಾದವರು ಕಳುಹಿಸುವವರೇ. ದೊಡ್ಡಬಳ್ಳಾಪುರ, ಮಾಲೂರು, ಚಿಕ್ಕಬಳ್ಳಾಪುರಗಳ ರೈತ ಉತ್ಪಾದಕ ಸಂಘಗಳು ರಫ್ತಿಗೆ ಇಳಿಯುವುದಾದರೆ ತಮ್ಮ ಮೊದಲ ಹಣವನ್ನು ಹಾಕಬೇಕಾದದ್ದು ತೋಟಕ್ಕೆ ಹತ್ತಿರದ ಪ್ರೀಕೂಲಿಂಗ್ ಕೋಣೆಗೆ.