ಓದುವ ಹುಡುಗನ ದುಡಿಮೆ

ಓದುವ ಹುಡುಗನಿಗೆ ದುಡಿಮೆ ತಕ್ಕುದೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ತರಗತಿಯಲ್ಲಿ ತೂಕಡಿಸುತ್ತಿದ್ದ ಒಬ್ಬ ವಿದ್ಯಾರ್ಥಿ. 2017ರ ಮಾತು. ಹತ್ತನೆಯ ತರಗತಿಯ ಆ ಹುಡುಗನಿಗೆ ಆಗ ಹದಿನೈದು ವರ್ಷ. ಮೊದಲ ಪಾಠದಲ್ಲಿಯೇ ಅವನ ಕಣ್ಣು ಮುಚ್ಚುತ್ತಿತ್ತು. "ರಾತ್ರಿಯೆಲ್ಲ ಏನು ಮಾಡುತ್ತೀಯೋ?" ಎಂದು ಎಲ್ಲರೆದುರಿನಲ್ಲಿ ಗದರಿಸಿದೆ. ಅವನು ತಲೆ ತಗ್ಗಿಸಿ ನಿಂತನೇ ಹೊರತು ಮಾತನಾಡಲಿಲ್ಲ.

ಕೆಲವು ದಿನಗಳ ತರುವಾಯ ಪ್ರಯಾಣಕ್ಕೆಂದು ನಸುಕಿನಲ್ಲಿ ಬಾಗಿಲು ತೆರೆದೆ. ಅಂಗಳಕ್ಕೆ ಪತ್ರಿಕೆ ಬಂದು ಬಿದ್ದಿತು. ಸೈಕಲ್ಲಿನ ಮೇಲಿದ್ದವನು ಅವನೇ. ನನ್ನನ್ನು ಕಂಡು ಅವನು ನಾಚಿದ. ಅವನಿಗಿಂತ ಹೆಚ್ಚಾಗಿ ನಾನು ನಾಚಿದೆ.

ಮರುದಿನ ಕರೆದು ವಿಚಾರಿಸಿದೆ. ನಾಲ್ಕು ಗಂಟೆಗೆ ಎದ್ದು, ಬಸ್ ನಿಲ್ದಾಣದ ಬಳಿ ಪುರವಣಿಗಳನ್ನು ಸೇರಿಸಿ ಎಂಬತ್ತು ಮನೆಗಳಿಗೆ ಪತ್ರಿಕೆ ಹಾಕುತ್ತಿದ್ದ. ಆ ಹಣದಿಂದ ನೋಟು ಪುಸ್ತಕಗಳನ್ನೂ ಹಳೆಯದೊಂದು ಸೈಕಲ್ಲನ್ನೂ ಕೊಂಡಿದ್ದ. ಯಾರ ಮನೆಗೆ ಎಷ್ಟು ದಿನ ಪತ್ರಿಕೆ ಹಾಕಿಲ್ಲ, ಬಿಲ್ಲಿನಲ್ಲಿ ಎಷ್ಟು ಕಳೆಯಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ನಾನು ಕರಿಹಲಗೆಯ ಮೇಲೆ ಕಲಿಸಲಾರದ ಲೆಕ್ಕವನ್ನು ಬೀದಿ ಅವನಿಗೆ ಕಲಿಸಿತ್ತು. "ಹಾಗಾದರೆ ಈ ನಿದ್ದೆ ಏತಕ್ಕೆ?" ಎಂದೆ. "ಅಪ್ಪನಿಗೆ ಮಳೆಗಾಲದಲ್ಲಿ ಕೆಲಸವಿಲ್ಲ ಸಾರ್. ಸಂಜೆ ಹೊತ್ತು ಕಿರಾಣಿ ಅಂಗಡಿಗೂ ಹೋಗುತ್ತೇನೆ. ಹತ್ತು ಗಂಟೆಯಾಗುತ್ತದೆ" ಎಂದ.

ವಿಷಯದ ಗಂಟು ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ದುಡಿದು ಓದುವುದು ನಮಗೆ ಹೊಸದಲ್ಲ. ವಾರಾನ್ನ ಉಂಡು ಓದಿದ ಹಿರಿಯರು ಕನ್ನಡ ನಾಡಿನಲ್ಲಿ ಎಷ್ಟೋ ಮಂದಿ. ರಾಮೇಶ್ವರದ ಬಾಲಕ ಅಬ್ದುಲ್ ಕಲಾಮರು ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈಲಿನಿಂದ ಎಸೆಯುತ್ತಿದ್ದ ಪತ್ರಿಕೆಯ ಕಟ್ಟುಗಳನ್ನು ಹಿಡಿದು ಮೊದಲ ಸಂಪಾದನೆ ಮಾಡಿದರು. ಆದರೆ ಗೆದ್ದವರು ಆತ್ಮಕಥೆ ಬರೆಯುತ್ತಾರೆ. ನಡುವೆಯೇ ಶಾಲೆ ಬಿಟ್ಟವರು ಬರೆಯುವುದಿಲ್ಲ.

2016ರ ತಿದ್ದುಪಡಿಯಾದ ಕಾನೂನು ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಶಾಲೆಯ ವೇಳೆಯ ಆಚೆ ಮನೆಯವರ ಕಸುಬಿಗೆ ನೆರವಾಗಲು ಅವಕಾಶವುಂಟು. ಹದಿನಾಲ್ಕರಿಂದ ಹದಿನೆಂಟರವರೆಗಿನವರು ಅಪಾಯದ ಉದ್ಯೋಗ ಮಾಡಕೂಡದು. ಕಾನೂನು ವಯಸ್ಸನ್ನು ನೋಡೀತು. ಹುಡುಗನ ಕಣ್ಣಿನ ನಿದ್ದೆಯನ್ನು ನೋಡಬೇಕಾದವರು ತಂದೆತಾಯಿಗಳು, ಉಪಾಧ್ಯಾಯರು. ನನ್ನ ಒರೆಗಲ್ಲು ಇಷ್ಟೆ: ಪರೀಕ್ಷೆ ಬಂದಾಗ ಹುಡುಗ ಆ ಕೆಲಸವನ್ನು ಬಿಡಬಲ್ಲನೆ? ಬಿಡಬಲ್ಲನಾದರೆ ದುಡಿಮೆ ಅವನಿಗೆ ಗುರು. ಬಿಡಲಾರದೆ ಹೋದರೆ ಅದು ಒಡೆಯ. ಮನೆಯ ಒಲೆ ಅವನ ಕೂಲಿಯಿಂದಲೇ ಉರಿಯತೊಡಗಿದ ದಿನ ಅವನ ಓದು ಆರತೊಡಗುತ್ತದೆ.

ನಾವು ಕೆಲವರು ಉಪಾಧ್ಯಾಯರು ಅವನ ತಂದೆಯೊಡನೆ ಮಾತನಾಡಿದೆವು. ಮಳೆಗಾಲ ಕಳೆಯುವವರೆಗೆ ಕೈಲಾದಷ್ಟು ನೆರವಾದೆವು. ಅಂಗಡಿಯ ಕೆಲಸ ತಪ್ಪಿತು. ಬೆಳಗಿನ ಪತ್ರಿಕೆಯನ್ನು ಅವನು ಬಿಡಲೊಪ್ಪಲಿಲ್ಲ. ಪರೀಕ್ಷೆಯ ಎರಡು ತಿಂಗಳು ಮಾತ್ರ ಬೇರೆಯವರಿಗೆ ಒಪ್ಪಿಸಿದ. ತೇರ್ಗಡೆಯೂ ಆದ.

ಈಗ ನನ್ನ ಮನೆಗೆ ಪತ್ರಿಕೆ ಹಾಕುವವನು ಬೇರೊಬ್ಬ ಹುಡುಗ. ಅವನು ಬಂದ ಮೊದಲ ವಾರವೇ ನಸುಕಿನಲ್ಲಿ ಎದ್ದು ಕಾದು ನಿಂತು ಕೇಳಿದೆ: "ಯಾವ ತರಗತಿಯಪ್ಪಾ? ನಿದ್ದೆ ಸಾಲುತ್ತದೆಯೆ?"